ಮೊದಲ ಸೌಟು

ಈರುಳ್ಳಿ ಹೆಚ್ಚುವಾಗ ನನ್ನ ಕಣ್ಣಲ್ಲಿ ನೀರು ಬಂದರೆ ಅದಕ್ಕೆ ಈರುಳ್ಳಿಯೇ ಕಾರಣ ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಅಳುವ ಪೈಕಿಯಲ್ಲ, ಕೂಗುವ ಪೈಕಿ. ಕಾರು ಕಲಿಸುವುದು ನನ್ನ ಕೆಲಸ. ಪಕ್ಕದ ಸೀಟಿನಲ್ಲಿ ಕೂತು, ಕಾಲಡಿ ಒಂದು ಹೆಚ್ಚುವರಿ ಬ್ರೇಕು ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಪ್ಪಿಗೆ ಬೆಚ್ಚಿ ಬೀಳುವ ಕೆಲಸ. ಕಲಿಯಲು ಬರುವವರು ಬೆನ್ನ ಹಿಂದೆ ನನ್ನನ್ನು ‘ಹಾರ್ನ್’ ಎಂದು ಕರೆಯುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ.

ಆ ದಿನ ರಜೆ ಹಾಕಿದ್ದೆ. ಸಂಜೆ ನರ್ಸ್ ಬರುವವಳಿದ್ದಳು, ಅಮ್ಮನ ಮೂಗಿನೊಳಗೆ ನಳಿಕೆ ಇಳಿಸಲು. ಅಷ್ಟರೊಳಗೆ ಅಮ್ಮ ಬಾಯಿಂದ ಏನಾದರೂ ತಿಂದರೆ ನಳಿಕೆ ಬೇಡ, ತಿನ್ನದಿದ್ದರೆ ಬೇಕೇ ಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು.

ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಹಜಾರದ ಕಿಟಕಿ ಪಕ್ಕಕ್ಕೆ ಮಂಚ ಎಳೆದು ಮಲಗಿಸಿದ್ದೆವು. ನೀರು ಕೊಟ್ಟರೆ ಕುಡಿಯುತ್ತಿದ್ದಳು. ಕಿತ್ತಳೆ ಸುಲಿದು ತೊಳೆ ಬಿಡಿಸಿ ಬಾಯಿಗಿಟ್ಟರೆ ರಸ ಹೀರುತ್ತಿದ್ದಳು. ಬೇರೆ ಏನು ತಂದರೂ ತುಟಿ ಬಿಗಿದು ಬಾಯಿಗೆ ಬೀಗ. ಗಂಜಿಗೂ ಅದೇ ಬೀಗ, ಮಸೆದ ತರಕಾರಿಗೂ ಅದೇ ಬೀಗ. ತಣ್ಣಗಿದ್ದರೆ ಮಾತ್ರ ಗಂಟಲಿಗೆ ಹಿತವೇನೋ ಎಂದು ಅಕ್ಕ ಒಂದು ಊಹೆ ಮಾಡಿದಳು. ಗಂಜಿಯನ್ನು ತಣ್ಣಗೆ ಮಾಡಿ ಕೊಟ್ಟರೂ ಬೀಗ ತೆರೆಯಲಿಲ್ಲ.

"ಗಂಟಲು ಸರಿಯಾಗಿದೆ, ನುಂಗೋಕೆ ಆಗುತ್ತೆ. ಇವರೇ ತಿನ್ತಾ ಇಲ್ಲ" ಎಂದರು ಡಾಕ್ಟರು. "ಕೆಲವರಿಗೆ ಹಾಗೇ. ಬದುಕಿದ್ದು ಸಾಕು ಅನ್ನಿಸಿಬಿಡುತ್ತೆ."

ಅಮ್ಮನ ಎದುರಿಗೇ ಹೇಳಿದರು. ಮಾತು ಹೋದವಳಿಗೆ ಕಿವಿಯೂ ಹೋಗಿದೆ ಅಂದುಕೊಂಡರೋ ಏನೋ. ನನ್ನ ಕಾಲು ಅಲ್ಲಿಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಡಾಕ್ಟರು ಚೀಲ ಮುಚ್ಚಿಕೊಂಡು ಚಪ್ಪಲಿ ಹಾಕಿಕೊಂಡು ಹೊರಟರು. ಹೋದ ಮೇಲೆ ಬಾಗಿಲಿಗೆ ಬೈದೆ.

ಅಕ್ಕನಿಗೆ ಮಾತ್ರ ಡಾಕ್ಟರ ಮಾತು ಕೇಳಿ ಒಂಥರಾ ಸಮಾಧಾನವಾದಂತಿತ್ತು. ಅವಳು ಪಕ್ಕದ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಡಬ್ಬಿ ಇದ್ದರೆ ಅವಳಿಗೆ ನಿದ್ದೆ ಬರುತ್ತದೆ. ಯಾವುದೋ ಶಕ್ತಿಯ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಫ್ಲಾಸ್ಕಿಗೆ ತುಂಬಿ, ಹೊತ್ತು ಹೊತ್ತಿಗೆ ತಂದಿಡುವುದು ಅವಳ ದಿನಚರಿ. ಆ ಮಧ್ಯಾಹ್ನವೂ ತಂದಳು.

"ಪುಟ್ಟಿ, ಇಲ್ಲಿಟ್ಟಿದೀನಿ ನೋಡು. ಗಂಟು ಕಟ್ಟೋಕೆ ಮುಂಚೆ ಕುಡಿಸು."

ನನ್ನ ತಲೆಯ ಕೂದಲು ಅರ್ಧ ಬೆಳ್ಳಗಾಗಿದೆ. ಇನ್ನೂ ಪುಟ್ಟಿ.

"ಅದನ್ನ ಕುಡಿಯೋ ಹಾಗಿದ್ರೆ ನಿನ್ನೇನೇ ಕುಡೀತಿದ್ಲು. ಗೋಡೆಗೆ ಬಳಿಯೋ ಸುಣ್ಣದ ಥರ ಇದೆ" ಎಂದೆ.

"ಅದ್ರಲ್ಲಿ ಎಲ್ಲಾ ಸತ್ವ ಇದೆ ಕಣೇ. ಡಬ್ಬಿ ಮೇಲೆ ಬರೆದಿದೆ."

"ಹಾಗಾದ್ರೆ ಡಬ್ಬೀನೇ ತಿನ್ನಿಸು."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅದು ಅವಳ ಸಿಟ್ಟು. ನನ್ನ ಹಾಗೆ ಕೂಗುವುದಿಲ್ಲ, ಗಾಜು ಉಜ್ಜುತ್ತಾಳೆ. "ನಿನ್ನ ಕೂಗಾಟದಿಂದ ಅಮ್ಮನ ಹೊಟ್ಟೆ ತುಂಬುತ್ತೇನೇ? ಅವಳಿಗೆ ಬೇಡ ಅಂದ್ರೆ ಬೇಡ. ನಾವು ಒಪ್ಕೋಬೇಕು. ನಳಿಕೆ ಹಾಕಿದ್ರೆ ಹೊಟ್ಟೆಗಾದ್ರೂ ಏನೋ ಒಂದಿಷ್ಟು ಬೀಳುತ್ತೆ."

"ಯಾರಿಗೆ ಬೇಡ? ಅವಳು ಹೇಳಿದ್ಲಾ ನಿನ್ ಹತ್ರ?"

"ಬಾಯಿ ಮುಚ್ಕೊಂಡು ಹೇಳ್ತಿದಾಳಲ್ಲ, ಇನ್ನು ಹೇಗೆ ಹೇಳ್ಬೇಕು?"

ನನಗೆ ಪಿತ್ತ ನೆತ್ತಿಗೇರಿತು. "ಹೋಗು, ಅಂಗಡಿ ಬಾಗಿಲು ತೆಗಿ, ಗಿರಾಕಿಗಳು ಕೆಮ್ತಾ ನಿಂತಿರ್ತಾರೆ" ಎಂದು ಅವಳನ್ನು ಅಟ್ಟಿದೆ. ಸಂಜೆ ನರ್ಸ್ ಬರುವ ಹೊತ್ತಿಗೆ ಬರುತ್ತೇನೆಂದು ಹೇಳಿ ಹೋದಳು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಬೇಳೆ ಸೂಪು ಮಾಡುವುದೆಂದು ತೀರ್ಮಾನಿಸಿದೆ. ಅದು ಅಮ್ಮನ ಕೈಯಡುಗೆ. ಅಲ್ಲದೆ ಸಿಟ್ಟು ಬಂದವರಿಗೆ ಅದಕ್ಕಿಂತ ಒಳ್ಳೆಯ ಅಡುಗೆ ಇಲ್ಲ. ಹೆಚ್ಚಬಹುದು, ಕುಟ್ಟಬಹುದು, ಜಜ್ಜಬಹುದು, ಕೊನೆಗೆ ಮಸೆಯಬಹುದು. ಈರುಳ್ಳಿಯ ಬುಟ್ಟಿಯನ್ನು ಮಣೆಯ ಮೇಲೆ ಬೋರಲು ಹಾಕಿದೆ. ಅಷ್ಟೂ ಬೇಕಿರಲಿಲ್ಲ. ಆದರೂ ಹೆಚ್ಚಿದೆ, ಡಾಕ್ಟರನ್ನು ನೆನೆದು ಕೆಲವು, ಅಕ್ಕನನ್ನು ನೆನೆದು ಕೆಲವು.

ಕೆಂಪು ಬೇಳೆಯನ್ನು ನೀರು ತಿಳಿಯಾಗುವವರೆಗೆ ಉಜ್ಜಿ ತೊಳೆದೆ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ ಈರುಳ್ಳಿ ಹಾಕಿದೆ. ಈರುಳ್ಳಿ ಬಾಡಿದರೆ ಸಾಲದು, ಕಂದಬೇಕು, ಅಂಚು ಕಪ್ಪಾಗುವ ಮುಂಚೆ ಬೆಳ್ಳುಳ್ಳಿ ಬೀಳಬೇಕು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪಾಠ ಓದುತ್ತಿದ್ದ ಕಾಲದಲ್ಲಿ ಕಿವಿಗೆ ಬಿದ್ದದ್ದು. ಗಜ್ಜರಿ, ಟೊಮೆಟೊ ಹಾಕಿ ಅವು ಮೆತ್ತಗಾಗುವಷ್ಟರಲ್ಲಿ ಇನ್ನೊಂದು ಒಲೆಯಲ್ಲಿ ಜೀರಿಗೆ, ಕಾಳುಮೆಣಸು ಹುರಿದು ಕುಟ್ಟಾಣಿಯಲ್ಲಿ ಕುಟ್ಟಿದೆ. ಬೇಳೆಗೆ ನೀರು ಹುಯ್ಯಲು ಹೋದವಳು ತಟ್ಟನೆ ಕೈ ಹಿಂದೆಗೆದೆ. ತಣ್ಣೀರು! "ಬೇಳೆಗೆ ತಣ್ಣೀರು ಹುಯ್ಯೋರು ನನ್ನ ಅಡುಗೆಮನೆಗೆ ಕಾಲಿಡಬೇಡಿ" ಎಂದು ಅಮ್ಮ ಗುಡುಗುತ್ತಿದ್ದಳು. ನೀರು ಕಾಯಿಸಿಯೇ ಹುಯ್ದೆ.

ಈ ಗುಡುಗು ಅವಳು ಕಾರ್ಖಾನೆಯ ಕ್ಯಾಂಟೀನಿನಿಂದ ಮನೆಗೆ ತಂದದ್ದು. ಅಲ್ಲಿ ಅವಳಿಗೆ ಸೌಟಮ್ಮ ಎಂದು ಹೆಸರು. ಅವಳು ತರಕಾರಿ ಸುಲಿಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಿನ ದೊಡ್ಡ ಅಡುಗೆಯವನು ಹಳಸಿದ ಅಡುಗೆಯನ್ನೇ ಬಿಸಿ ಮಾಡಿ ಬಡಿಸಿದ್ದರಿಂದ, ಒಂದು ಪಾಳಿಯ ಜನವೆಲ್ಲ ವಾಂತಿ ಮಾಡಿಕೊಂಡು ನೆಲ ಹಿಡಿದಿದ್ದರಂತೆ. ಆ ಅಡುಗೆಯವನು ಹಿಂಬಾಗಿಲಿನಿಂದ ಪರಾರಿ. ಅವನು ಅಂದು ತನ್ನ ಊಟವನ್ನು ಮನೆಯಿಂದ ಡಬ್ಬಿಯಲ್ಲಿ ತಂದುಕೊಂಡಿದ್ದ ಎಂಬುದು ಆಮೇಲೆ ಗೊತ್ತಾಯಿತು. ಹಳಸಿದ್ದಕ್ಕಿಂತ ಆ ಡಬ್ಬಿಯ ಮೇಲೆ ಅಮ್ಮನಿಗೆ ಹೆಚ್ಚು ಸಿಟ್ಟು. "ತಾನು ಬಾಯಿಗಿಡದೇ ಇರೋದನ್ನ ಬಡಿಸಿದ್ನಲ್ಲ, ಅವನ ಕೈ ಸೇದಿಹೋಗ" ಎಂದು ಎಷ್ಟೋ ವರ್ಷದ ಮೇಲೂ ಶಪಿಸುತ್ತಿದ್ದಳು. ಸೌಟು ತನ್ನ ಕೈಗೆ ಬಂದ ದಿನ ಅವಳು ಒಂದು ಕಟ್ಟಳೆ ಮಾಡಿದಳು. ಮಾಡಿದವರೇ ಮೊದಲ ಸೌಟು ತಿನ್ನಬೇಕು, ಅದೂ ಎಲ್ಲರ ಎದುರಿಗೆ ನಿಂತು. ಆಳುಗಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರೆ ಬಡಿಸುವ ಕಟ್ಟೆಯ ಆಚೆ ಅಮ್ಮ ಒಂದು ಸೌಟು ಬಟ್ಟಲಿಗೆ ಹಾಕಿಕೊಂಡು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಸ್ವಲ್ಪ ಹೊತ್ತು ಹಾಗೇ ನಿಲ್ಲುವಳು.

"ಸೌಟಮ್ಮಾ, ಇನ್ನೂ ಜೀವಂತ ಇದ್ದೀಯಾ? ಹಾಗಾದ್ರೆ ಬಡಿಸು!" ಎಂದು ಸಾಲಿನಿಂದ ಯಾರೋ ಕೂಗುವರು. ದಿನವೂ ಅದೇ ತಮಾಷೆ, ದಿನವೂ ಅದೇ ನಗು.

ಮನೆಯಲ್ಲೂ ಹಾಗೇ. ನಮ್ಮನ್ನು ಊಟಕ್ಕೆ ಕರೆದು, ನಾವು ನೋಡುತ್ತಿದ್ದಂತೆ ತಾನು ಮೊದಲು ತಿನ್ನುವಳು. ಚಿಕ್ಕವರಿದ್ದಾಗ ಅಕ್ಕನೂ ನಾನೂ ಅದನ್ನು ಹೊಟ್ಟೆಬಾಕತನ ಎಂದುಕೊಂಡಿದ್ದೆವು.

ಬೇಳೆಯ ಮೇಲೆ ಬಂದ ನೊರೆಯನ್ನು ತೆಗೆದು ಚೆಲ್ಲುತ್ತಿದ್ದಾಗ ಡ್ರೈವಿಂಗ್ ಶಾಲೆಯ ಮಾಲೀಕರ ಫೋನು ಬಂತು. ನನ್ನ ಬದಲು ಹೋದವನು ಪಕ್ಕದಲ್ಲಿ ಕೂತು ತೂಕಡಿಸಿದ್ದಾನೆ, ಕಲಿಯುವವರು ಕಾರನ್ನು ಯಾರದೋ ಗೇಟಿನೊಳಗೆ ನುಗ್ಗಿಸಿದ್ದಾರೆ. "ನೀವು ಯಾವಾಗ ಬರ್ತೀರಿ?" ಎಂದರು. "ನಮ್ಮಮ್ಮ ಊಟ ಮಾಡಿದ ಮೇಲೆ" ಎಂದೆ. ಅವರು ಎಷ್ಟು ಹೊತ್ತಿಗೆ ಊಟ ಎಂದು ಕೇಳಿದರು. ಫೋನು ಕುಕ್ಕಿದೆ.

ಬೇಳೆ ಬೆಂದು ಕರಗಿ ಹಳದಿಗೆ ತಿರುಗಿತು. ಉಪ್ಪು ಹಾಕಿದೆ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡಿದೆ, ಇನ್ನಷ್ಟು ಉಪ್ಪು ಹಾಕಿದೆ. ಅಮ್ಮನ ಸೂಪಿನಲ್ಲಿ ಅರ್ಧ ಬೇಳೆ ಹಾಗೇ ಹಲ್ಲಿಗೆ ಸಿಗುತ್ತಿತ್ತು. ಈಗ ಅದಾಗುವುದಿಲ್ಲ. ಎಲ್ಲವನ್ನೂ ಜರಡಿಯ ಮೇಲೆ ಸುರಿದು ಸೌಟಿನ ಬೆನ್ನಿನಿಂದ ತಿಕ್ಕಿ ತಿಕ್ಕಿ ಇಳಿಸಿದೆ. ತೋಳು ಸೋತುಹೋಯಿತು. ಕುಟ್ಟಿದ ಪುಡಿ, ಇನ್ನೊಂದು ತುಂಡು ಬೆಣ್ಣೆ ಹಾಕಿ, ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿದೆ. ಇಡೀ ಮನೆ ಘಮ್ಮೆಂದಿತು. ಬೆಳಿಗ್ಗೆಯಿಂದ ಬರೀ ಚಹಾ ಕುಡಿದಿದ್ದ ನನ್ನ ಹೊಟ್ಟೆ ಗುರ್ ಎಂದಿತು. ಅದಕ್ಕೂ ಬೈದೆ.

ಬಟ್ಟಲಿನಲ್ಲಿ ಹಾಕಿಕೊಂಡು ಹಜಾರಕ್ಕೆ ಹೋದೆ. ಬೆನ್ನಿಗೆ ದಿಂಬು ಕೊಟ್ಟು ಅಮ್ಮನನ್ನು ಎತ್ತಿ ಕೂರಿಸಿದೆ, ಕೊರಳಿಗೆ ಟವೆಲ್ ಸಿಕ್ಕಿಸಿದೆ. ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ನಾನೇ ಕಣ್ಣಾರೆ ನೋಡಿದೆ. ವಾಸನೆ ಹಿಡಿಯಿತು, ಇನ್ನೇನು ತಿನ್ನುತ್ತಾಳೆ ಎಂದು ಚಮಚ ಎತ್ತಿದೆ. ಅಮ್ಮ ಬಟ್ಟಲನ್ನು ನೋಡಿದಳು. ಆಮೇಲೆ ನನ್ನ ಬಾಯಿಯನ್ನು ನೋಡಿದಳು. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಾಳೆ ಅಂದುಕೊಂಡೆ.

"ತಿನ್ನಮ್ಮಾ. ನಿಂದೇ ಸೂಪು. ಬಿಸಿನೀರೇ ಹಾಕಿದೀನಿ."

ತುಟಿ ಬಿಗಿಯಿತು.

"ಒಂದೇ ಒಂದು ಚಮಚ."

ಎಡಗೈಯಿಂದ ಚಮಚವನ್ನು ದೂಡಿದಳು. ಸೂಪು ಹಾಸಿಗೆಯ ಮೇಲೆ ಚೆಲ್ಲಿತು. ಒರೆಸಿ ಮತ್ತೆ ಕೊಟ್ಟೆ. ಮತ್ತೆ ನನ್ನ ಬಾಯಿ ನೋಡಿದಳು, ಮತ್ತೆ ದೂಡಿದಳು. ನನ್ನ ಒಳಗೆ ಬೆಳಗಿನಿಂದ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು.

"ಏನಂದುಕೊಂಡಿದ್ದೀಯಾ ನೀನು? ಅಷ್ಟು ಆತುರನಾ ನಮ್ಮನ್ನ ಬಿಟ್ಟು ಹೋಗೋಕೆ? ಕಾರ್ಖಾನೆ ತುಂಬಾ ಜನಕ್ಕೆ ಹೊಟ್ಟೆ ತುಂಬಿಸ್ದೆ, ನಾನು ಮಾಡಿದ್ದು ಒಂದು ಚಮಚ ಬಾಯಿಗಿಡೋಕೆ ಆಗಲ್ವಾ? ಸಂಜೆ ನರ್ಸ್ ಬಂದು ಮೂಗಲ್ಲಿ ನಳಿಕೆ ತುರುಕ್ತಾಳೆ. ಆಮೇಲೆ ಉಪ್ಪು, ಹುಳಿ ಏನೂ ಇಲ್ಲ. ಪೆಟ್ರೋಲ್ ಹಾಕಿದ ಹಾಗೆ ಹಾಕ್ತಾರೆ ನಿನಗೆ. ಅದು ಬೇಕಾ? ಸಾಯ್ಬೇಕು ಅಂತಿದ್ರೆ ಸಾಯಿ! ಅದನ್ನಾದ್ರೂ ನನ್ನ ಮುಖ ನೋಡಿ ಹೇಳಿ ಸಾಯಿ!"

ನನ್ನ ದನಿ ಬೀದಿಗೆ ಕೇಳಿಸಿರಬೇಕು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ತೆರೆದುಕೊಳ್ಳಲಿ. ಅಮ್ಮ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ನನ್ನದಕ್ಕಿಂತ ದೊಡ್ಡ ಸಿಟ್ಟು. ಅದನ್ನು ಕಂಡು ನನಗೆ ಇನ್ನಷ್ಟು ಮೈ ಉರಿಯಿತು. ಇವಳಿಗೆ ಯಾತಕ್ಕೆ ಸಿಟ್ಟು? ಮಾಡಿದವಳು ನಾನು, ಚೆಲ್ಲಿದವಳು ಇವಳು.

"ಬೇಡ್ವಾ? ಬೇಡ ಅಂದ್ರೆ ಬಿಡು. ನನಗೂ ಹಸಿವಿದೆ. ನಾನೇ ತಿಂತೀನಿ!"

ಮಂಚದ ಅಂಚಿನಲ್ಲಿ ಕುಕ್ಕರಿಸಿ ಕೂತು ಚಮಚ ತುಂಬ ತುಂಬಿಕೊಂಡು ಬಾಯಿಗೆ ಹಾಕಿಕೊಂಡೆ. ನಾಲಿಗೆ ಚುರ್ರೆಂದಿತು. ಸುಡುತ್ತಿದ್ದರೂ ಬಿಡಲಿಲ್ಲ, ಹಠಕ್ಕೆ ಇನ್ನೊಂದು ಚಮಚ, ಮತ್ತೊಂದು. ಸೂಪು ಚೆನ್ನಾಗಿತ್ತು. ಅದೂ ಒಂದು ಸಿಟ್ಟು ನನಗೆ, ಇಷ್ಟು ಚೆನ್ನಾಗಿರುವುದನ್ನು ಬೇಡವೆನ್ನುತ್ತಾಳಲ್ಲ ಎಂದು. ಬಾಯಿ ಒರೆಸಿಕೊಂಡು ತಲೆ ಎತ್ತಿದೆ.

ಅಮ್ಮ ನನ್ನ ಗಂಟಲನ್ನು ನೋಡುತ್ತಿದ್ದಳು. ನುಂಗಿದ್ದು ಇಳಿಯುವವರೆಗೂ ನೋಡಿದಳು. ಆಮೇಲೂ ಸುಮ್ಮನೆ ಸ್ವಲ್ಪ ಹೊತ್ತು ಕಾದಳು.

ಆಮೇಲೆ ಬಾಯಿ ತೆರೆದಳು.

ನನ್ನ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ ತೊಳೆದು ತರುವಷ್ಟು ಹೊತ್ತೂ ಅವಳು ಬಾಯಿ ಮುಚ್ಚಲಿಲ್ಲ. ಒಂದು ಚಮಚ ಊದಿ ಆರಿಸಿ ಕೊಟ್ಟೆ. ನಿಧಾನವಾಗಿ ಒಳಗೆ ಹೊರಳಿಸಿಕೊಂಡು ನುಂಗಿದಳು. ಸೋತ ತುಟಿಯ ಮೂಲೆಯಿಂದ ಒಂದಿಷ್ಟು ಇಳಿಯಿತು. ಒರೆಸುವಷ್ಟರಲ್ಲಿ ಮತ್ತೆ ಬಾಯಿ ತೆರೆದಿದ್ದಳು. ಹಸಿದವಳು ತಿನ್ನುವ ಹಾಗೆ ತಿಂದಳು. ಎಷ್ಟು ದಿನದಿಂದ ಹಸಿದಿದ್ದಳೋ!

ಮೊದಲ ಸೌಟು ಮಾಡಿದವಳದು, ಎದುರಿಗೆ ನಿಂತು ತಿನ್ನಬೇಕು. ನಾನು ರುಚಿ ನೋಡಿದ್ದು ಅಡುಗೆಮನೆಯ ಗೋಡೆಯ ಆಚೆ, ಅಂಗೈಯಲ್ಲಿ. ಅವಳಿಗೆ ಕಾಣಬೇಕಲ್ಲ! ಆಸ್ಪತ್ರೆಯಲ್ಲಿ ಯಾರ್ಯಾರೋ ಗಂಜಿ ತಂದರು, ಒಬ್ಬರಾದರೂ ಒಂದು ಚಮಚ ತಾವು ಕುಡಿದರೇ? ರೋಗಿಯ ಊಟವನ್ನು ಯಾರು ತಿನ್ನುತ್ತಾರೆ? ಅಕ್ಕ ದಿನವೂ ಫ್ಲಾಸ್ಕ್ ಹಿಡಿದು ಬಂದಳು, ಅದರ ರುಚಿ ಹೇಗಿದೆಯೆಂದು ಅವಳಿಗೇ ಗೊತ್ತಿಲ್ಲ. ನೀರು ಯಾರೂ ಬೇಯಿಸಿದ್ದಲ್ಲ, ಕಿತ್ತಳೆ ಯಾರೂ ಮಾಡಿದ್ದಲ್ಲ, ಹಾಗಾಗಿ ಅವೆರಡನ್ನೂ ಒಲ್ಲೆ ಎನ್ನಲಿಲ್ಲ. ನಾವೆಲ್ಲ ಆ ಪರಾರಿಯಾದ ಅಡುಗೆಯವನ ಹಾಗೆ ನಮ್ಮ ಊಟ ಬೇರೆ ಇಟ್ಟುಕೊಂಡು, ಅವಳಿಗೆ ಮಾತ್ರ ಬೇರೇನನ್ನೋ ಬಡಿಸುತ್ತಿದ್ದೆವು. ನಮಗೆ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ನಮ್ಮ ಜನ್ಮದಲ್ಲಿ ನಾವು ಅಮ್ಮನಿಗೆ ಬಡಿಸಿದ್ದೇ ಇಲ್ಲ.

ಬದುಕಿದ್ದು ಸಾಕಾಗಿದೆಯಂತೆ! ಯಾವ ಬಾಯಲ್ಲಿ ಹೇಳಿದರು ಅದನ್ನು? ಅವಳ ಕಟ್ಟಳೆಯನ್ನು ಅವಳು ಬಿಡಲಿಲ್ಲ, ಅಷ್ಟೇ. ನಾವು ಅದನ್ನು ಸಾವು ಎಂದು ಓದಿಕೊಂಡೆವು. ನನಗೆ ಡಾಕ್ಟರನ್ನು ಕಾಲರ್ ಹಿಡಿದು ಕರೆತಂದು ಅಮ್ಮನ ಮಂಚದ ಮುಂದೆ ನಿಲ್ಲಿಸಬೇಕೆನಿಸಿತು.

ಬಟ್ಟಲು ಖಾಲಿಯಾಗುವ ಹೊತ್ತಿಗೆ ಅಕ್ಕ ಬಂದಳು. ಹಿಂದೆಯೇ ನರ್ಸ್ ಬಂದಳು. ನಳಿಕೆ ಒಂದು ಪೊಟ್ಟಣದಲ್ಲಿ ಸುರುಳಿ ಸುತ್ತಿ ಕೂತಿತ್ತು.

"ತಿಂದ್ಲು!" ಎಂದು ಕೂಗಿದೆ. "ಬಟ್ಟಲು ಪೂರ್ತಿ ತಿಂದ್ಲು!"

ಅಕ್ಕ ಬಟ್ಟಲು ನೋಡಿದಳು, ಹಾಸಿಗೆಯ ಮೇಲಿನ ಕಲೆ ನೋಡಿದಳು. ಚೆಲ್ಲಿ ಖಾಲಿ ಮಾಡಿದ್ದಾಳೆ ಎಂದುಕೊಂಡಳು, ಅವಳ ಮುಖದಲ್ಲೇ ಬರೆದಿತ್ತು. ನರ್ಸ್ ಕೆಟ್ಟವಳಲ್ಲ. ಅಮ್ಮನ ಕೆನ್ನೆಯ ಒಳಗೆ ಬೆರಳಾಡಿಸಿ, ಗಂಟಲು ಮುಟ್ಟಿ, ಹೌದು ಎಂದು ತಲೆಯಾಡಿಸಿದಳು.

"ಸೂಪು ತಿಂದಿರೋದು ಒಳ್ಳೇದಾಯ್ತು. ಆದ್ರೆ ಅದೊಂದೇ ಸಾಲ್ದು ಮೇಡಂ. ಇವ್ರು ತುಂಬಾ ಇಳಿದುಹೋಗಿದಾರೆ, ಆ ಪುಡೀನೂ ಹೋಗ್ಬೇಕು. ಅದನ್ನ ತಗೊಂಡ್ರೆ ನಾನು ಇದನ್ನ ಹೀಗೇ ವಾಪಸ್ ತಗೊಂಡು ಹೋಗ್ತೀನಿ."

ಅಕ್ಕ ಮಧ್ಯಾಹ್ನದ ಫ್ಲಾಸ್ಕ್ ತೆರೆದು ಲೋಟಕ್ಕೆ ಬಗ್ಗಿಸಿದಳು. ಬಿಳಿಯ ಅಂಟು ಗಂಟು ಗಂಟಾಗಿ ಬಿತ್ತು. ಚಮಚದಲ್ಲಿ ತೆಗೆದು ಅಮ್ಮನ ತುಟಿಗೆ ಹಿಡಿದಳು. ಅಮ್ಮ ಲೋಟ ನೋಡಿದಳು, ಅಕ್ಕನ ಬಾಯಿ ನೋಡಿದಳು. ಬೀಗ.

"ನೋಡಿದ್ಯಾ?" ಎಂದಳು ಅಕ್ಕ. ದನಿ ಒಡೆದಿತ್ತು. "ನಾನು ಕೊಟ್ರೆ ತಗೊಳ್ಳಲ್ಲ."

"ನೀನು ಕುಡಿ ಮೊದಲು."

"ನಾನ್ಯಾಕೆ ಕುಡೀಲಿ? ಇದು ಅಮ್ಮಂಗೆ—"

"ಮಾಡಿದ್ದು ಯಾರು? ಮೊದಲ ಸೌಟು ಯಾರದ್ದು ಅಕ್ಕಾ? ಇಷ್ಟು ದಿನದಲ್ಲಿ ಒಂದ್ಸಲನಾದ್ರೂ ನಾಲಿಗೆಗೆ ಮುಟ್ಟಿಸ್ಕೊಂಡಿದ್ದೀಯಾ ಅದನ್ನ?"

ಅಕ್ಕ ನನ್ನನ್ನು ನೋಡಿದಳು. ಆಮೇಲೆ ಅಮ್ಮನನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಕನ್ನಡಕ ತೆಗೆಯಲು ಕೈ ಎತ್ತಿದವಳು ತೆಗೆಯಲಿಲ್ಲ. ಲೋಟವನ್ನೇ ಎತ್ತಿ ದೊಡ್ಡ ಗುಟುಕು ಹಾಕಿಕೊಂಡಳು. ಹಾಕಿಕೊಂಡವಳು ನುಂಗಲಾರದೆ ನಿಂತಳು. ಮುಖ ಸಿಂಡರಿಸಿತು, ಕಣ್ಣು ಬಚ್ಚಲಿನ ಕಡೆ ಹೋಯಿತು. ಅಮ್ಮ ಅವಳ ಗಂಟಲನ್ನೇ ನೋಡುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ನುಂಗಿದಳು.

"ಥೂ!" ಎಂದಳು. "ಇದನ್ನಾ ನಾನು..."

ಇನ್ನು ಅಮ್ಮ ಅದನ್ನು ಮುಟ್ಟುವುದಿಲ್ಲ, ಸೂಪನ್ನೇ ಇನ್ನೊಂದು ಬಟ್ಟಲು ತರಬೇಕು ಎಂದು ನಾನು ಏಳಲು ಹೊರಟೆ. ಅಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಾಯಿ ತೆರೆದಳು.

ಆ ಸುಣ್ಣಕ್ಕೆ, ಆ ಅಂಟಿಗೆ ಬಾಯಿ ತೆರೆದಳು. ಮಾಡಿದವಳು ತಿಂದಾಗಿತ್ತು, ಇನ್ನು ಬೇಡವೆನ್ನುವ ಹಕ್ಕು ತನಗಿಲ್ಲ ಎನ್ನುವಂತೆ. ಅಕ್ಕ ಒಂದು ಚಮಚ ಬಾಯಿಗಿಟ್ಟಳು. ಅಮ್ಮ ನುಂಗಿದಳು. ಅರ್ಧ ಮುಖ ಕಿವುಚಿಕೊಂಡಿತು. ಎಡಗೈ ಎತ್ತಿ ಅಕ್ಕನ ಮಣಿಕಟ್ಟಿನ ಮೇಲೆ ಪಟ್ ಎಂದು ಒಂದು ಏಟು ಹಾಕಿದಳು, ಉಪ್ಪು ಮರೆತ ಕ್ಯಾಂಟೀನಿನ ಹುಡುಗಿಯರಿಗೆ ಹಾಕುತ್ತಿದ್ದ ಏಟು. ಏಟು ಹಾಕಿ ಮತ್ತೆ ಬಾಯಿ ತೆರೆದಳು.

ಆ ಪುಡಿಯನ್ನೂ ತಿನ್ನುತ್ತಿದ್ದಳು ನಮ್ಮಮ್ಮ, ಮೊದಲ ದಿನವೇ, ನಮ್ಮಲ್ಲಿ ಒಬ್ಬರು ಒಂದು ಗುಟುಕು ಕುಡಿದಿದ್ದರೆ. ನರ್ಸ್ ಪೊಟ್ಟಣವನ್ನು ಚೀಲದೊಳಗೆ ಹಾಕಿಕೊಂಡಳು. ನಾನು ಯಾರ ಮೇಲಾದರೂ ಕೂಗಬೇಕಿತ್ತು. ಬಾಯಿ ತೆರೆದರೆ ಕೂಗು ಬರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಹೆಚ್ಚುವ ಮಣೆಯ ಮುಂದೆ ಗೋಡೆಗೆ ಮುಖ ಮಾಡಿ ನಿಂತೆ. ಬುಟ್ಟಿಯಲ್ಲಿ ಒಂದು ಈರುಳ್ಳಿಯೂ ಉಳಿದಿರಲಿಲ್ಲ.